‘ಇಂದೇ ಕೊನೆಯ ಪ್ರಯೋಗ!’

ನಾಟಕ ಕಂಪನಿಯೊಂದು ಊರು ಬಿಡುವ ಕಾಲಕ್ಕೆ ಗೋಡೆಗೋಡೆಗೆ ಅಂಟಿಸುತ್ತಿದ್ದ ದಪ್ಪಕ್ಷರದ ಹಾಳೆಗಳನ್ನು ನೆನೆಯಬಲ್ಲ ಹಿರಿಯರು ಹುಬ್ಬಳ್ಳಿ-ಧಾರವಾಡಗಳಲ್ಲಿ ಇನ್ನೂ ಇದ್ದಾರೆ. ‘ಇಂದೇ ಕೊನೆಯ ಪ್ರಯೋಗ!’ ಎಂಬುದು ಅದರ ತಲೆಬರಹ. ಅದನ್ನು ನಂಬಿ ಜನ ಊಟ ಬಿಟ್ಟು ಓಡುವರು. ಎರಡು ದಿನ ಕಳೆಯುವಷ್ಟರಲ್ಲಿ ಅದೇ ಗೋಡೆಯ ಮೇಲೆ ಇನ್ನೊಂದು ಹಾಳೆ: ‘ರಸಿಕ ಪ್ರೇಕ್ಷಕರ ಅತ್ಯಾಗ್ರಹದ ಮೇರೆಗೆ ಮತ್ತೆ ಮೂರೇ ದಿನ!’ ಆ ಮೂರು ದಿನ ಮೂರು ವಾರವಾದರೂ ಯಾರೂ ಮಾಲಕನನ್ನು ಸುಳ್ಳುಗಾರನೆನ್ನುತ್ತಿರಲಿಲ್ಲ. ಇದು ವ್ಯಾಪಾರದ ಜಾಣತನವೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಆ ಜಾಣತನದ ಹೊಟ್ಟೆಯಲ್ಲಿ ಒಂದು ನಿಜವೂ ಇತ್ತು. ತಿಕೀಟಿನ ಕಿಟಕಿಯ ಮುಂದೆ ಜನರಿರುವವರೆಗೆ ಆಟ ನಿಲ್ಲುವಂತಿರಲಿಲ್ಲ; ಜನ ಬಾರದ ದಿನ ಅದನ್ನು ನಡೆಸುವಂತಿರಲಿಲ್ಲ. ಪರದೆಯ ಹಗ್ಗವನ್ನು ಎಳೆಯುವವನು ಕಂಪನಿಯ ಆಳಾಗಿದ್ದರೂ, ಅದರ ಇನ್ನೊಂದು ತುದಿ ಪ್ರೇಕ್ಷಕನ ಕೈಯಲ್ಲಿತ್ತು.

ಇಂದು ನಮ್ಮ ಮನೆಗಳ ದೂರದರ್ಶನ ಪೆಟ್ಟಿಗೆಯಲ್ಲಿ ಒಂದು ನಗೆಧಾರಾವಾಹಿ ಹುಟ್ಟುತ್ತದೆ. ಮೊದಲ ವಾರ ಇದೇನು ವಿಚಿತ್ರವೆನ್ನುತ್ತೇವೆ. ಎರಡನೆಯ ವಾರ ಅದರ ಪಾತ್ರಗಳ ಮಾತು ನಮ್ಮ ಮನೆಯ ಮಾತಾಗುತ್ತದೆ. ಮೂರನೆಯ ತಿಂಗಳು, ಗೋಡೆಗೆ ಹಾಳೆಯನ್ನೂ ಹಚ್ಚದೆ, ಅದು ಮಾಯವಾಗುತ್ತದೆ. ಯಾರನ್ನು ಕೇಳಬೇಕು? ಆಗ್ರಹ ಮಾಡುವುದಾದರೆ ಯಾರೆದುರು? ಈ ಪ್ರಶ್ನೆ ಹೊಸದೇನೂ ಅಲ್ಲ. ನಗೆಯನ್ನು ನಿಲ್ಲಿಸುವವರಿಗೂ ಅದು ನಡೆಯಲಿ ಎನ್ನುವವರಿಗೂ ನಡೆದ ಎಳೆದಾಟಕ್ಕೆ ಒಂದೂವರೆ ಶತಮಾನದ ಚರಿತ್ರೆಯಿದೆ; ಅದರ ಒಂದು ಎಳೆ ನಮ್ಮ ಅವಳಿ ಊರುಗಳ ಮೂಲಕವೇ ಹಾಯುತ್ತದೆ.

ಧಾರವಾಡ ಸೀಮೆ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತಾಗಿ, ಹಿಂದೆ ಇಲ್ಲಿಯ ರಂಗಭೂಮಿಯ ಮೇಲೆ ಮರಾಠಿ ಕಂಪನಿಗಳದೇ ಮೆರವಣಿಗೆ. ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಎಂಬುದು ವಿನೋದದ ಸಂಗತಿಯೇ ಸರಿ. ಕನ್ನಡ ಊರುಗಳಲ್ಲಿ ಕನ್ನಡದ ಆಟ ಆಗಬೇಡವೆ ಎಂದು ಮರುಗಿದ ಶಾಂತಕವಿಗಳು 1870ರ ದಶಕದಲ್ಲಿ ಗದುಗಿನಲ್ಲಿ ಮಂಡಳಿ ಕಟ್ಟಿಸಿದರು. ಮುಂದೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬಂತು. ಶಿರಹಟ್ಟಿ ವೆಂಕೋಬರಾಯರ ಕಂಪನಿ ಬಂತು. ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ ಬಂತು. ಹುಬ್ಬಳ್ಳಿಯಾದರೋ ರೇಲ್ವೆ ಕೂಡುವ ಊರು, ಹತ್ತಿಯ ಪೇಟೆ. ಪರದೆ, ಪೆಟ್ಟಿಗೆ, ಕಿರೀಟ, ಗದೆಗಳನ್ನು ರೇಲಿಗೆ ಹೇರಿಕೊಂಡು ಬಂದವರು ಇಲ್ಲಿಳಿದು ತಗಡಿನ ಥಿಯೇಟರು ಎಬ್ಬಿಸಿದರೆ, ಸುತ್ತಣ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಿದ್ದರು.

ಈ ಕಂಪನಿಗಳಲ್ಲಿ ರಾಜಾಪಾರ್ಟಿನವನಷ್ಟೇ ಗತ್ತು ಹಾಸ್ಯಪಾತ್ರದವನಿಗೂ ಇರುತ್ತಿತ್ತು. ಮೈಸೂರು ಕಡೆಯ ಗುಬ್ಬಿ ವೀರಣ್ಣನವರನ್ನೇ ನೋಡಿರಿ. ಅಷ್ಟು ದೊಡ್ಡ ಕಂಪನಿಯ ಒಡೆಯರು. ಆದರೆ ‘ಸದಾರಮೆ’ಯಲ್ಲಿ ಜನ ಅವರನ್ನು ನೆನೆದದ್ದು ಕಳ್ಳನ ಪಾತ್ರಕ್ಕೆ. ಇನ್ನು ಬಾಳಪ್ಪನವರಿಗೆ ಮೊದಲ ಪಾಠಶಾಲೆಯೇ ಸಣ್ಣಾಟ. ಬೆಳಗಾವಿ ಸೀಮೆಯ ಆ ಆಟದಲ್ಲಿ ದೇವರೂ ಇಲ್ಲ, ರಾಕ್ಷಸರೂ ಇಲ್ಲ. ಇರುವವರು ಸಾಹುಕಾರ, ಅವನ ಹೆಂಡತಿ, ಅವಳ ಮೇಲೆ ಕಣ್ಣು ಹಾಕಿದವನು, ನಡುವೆ ಸುದ್ದಿ ಮುಟ್ಟಿಸುವ ಮುದುಕಿ. ದುರಂತಕ್ಕೆ ಮುಟ್ಟುವ ಕಥೆಯಲ್ಲೂ ಹಾದಿಯುದ್ದಕ್ಕೂ ನಗೆಯೇ. ಕಂಪನಿ ನಾಟಕದಲ್ಲಾದರೆ, ಹಾಡು ಹಿಡಿಸಿದೊಡನೆ ಹಿಂದಿನ ಸಾಲಿನಿಂದ ‘ವನ್ಸ್ ಮೋರ್!’ ಎಂಬ ಕೂಗು. ಯುದ್ಧದಲ್ಲಿ ಸತ್ತು ಬಿದ್ದ ಪಾತ್ರಧಾರಿ ಎದ್ದು ನಿಂತು ಮತ್ತೊಮ್ಮೆ ಹಾಡಿ, ಸಾವಕಾಶ ಮತ್ತೆ ಸತ್ತನೆಂಬ ಕಥೆಗಳನ್ನು ಹಳೆಯ ರಸಿಕರು ಇನ್ನೂ ಹೇಳುತ್ತಾರೆ. ಪಂಡಿತರು ಇದನ್ನು ರಸಭಂಗವೆಂದರು; ಸರಿಯಾಗಿಯೇ ಅಂದರು. ಆದರೆ ನೋಡುವವನ ಮಾತು ಆಡುವವನಿಗೆ ಅರೆಕ್ಷಣದಲ್ಲಿ ಮುಟ್ಟುತ್ತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪ್ರೇಕ್ಷಕನ ಕೈಗೆ ಹಗ್ಗ ಸಿಕ್ಕಾಗ ಎಲ್ಲವೂ ಒಳ್ಳೆಯದೇ ಆಯಿತೆಂದು ನಾನು ವಾದಿಸುವವನಲ್ಲ. ಜಾತ್ರೆಯ ಕ್ಯಾಂಪುಗಳಲ್ಲಿ ದ್ವಂದ್ವಾರ್ಥದ ಮಾತುಗಳು ಬೆಳೆದದ್ದೂ ಇದೇ ‘ಅತ್ಯಾಗ್ರಹ’ದ ನೀರು ಕುಡಿದು. ಒಳ್ಳೆಯ ನಾಟಕಗಳು ಗಲ್ಲಾ ಸಾಲದೆ ಮೂರನೆಯ ದಿನಕ್ಕೆ ಕಣ್ಣು ಮುಚ್ಚಿದ್ದೂ ಉಂಟು. ಆದರೂ ಆ ತಪ್ಪು ನಮ್ಮದಾಗಿತ್ತು. ಬೇರೆಯವರು ನಮ್ಮ ಪರವಾಗಿ ಮಾಡಿದ ತಪ್ಪಾಗಿರಲಿಲ್ಲ.

ಬೇರೆಯವರು ಕೈಹಾಕಿದ ಕಥೆಗೆ ಬರೋಣ. ಅದಕ್ಕೆ ಹುಬ್ಬಳ್ಳಿಯಿಂದ ಕಲಕತ್ತೆಯವರೆಗೆ ಹೋಗಬೇಕು. ಏಕೆಂದರೆ ನಮ್ಮ ರಂಗಭೂಮಿಯ ನೆತ್ತಿಯ ಮೇಲೆ ಬಹುಕಾಲ ತೂಗಿದ ಕಾನೂನು ಹುಟ್ಟಿದ್ದು ಅಲ್ಲಿಯ ಒಂದು ಪ್ರಹಸನದಿಂದ. ವಿಕ್ಟೋರಿಯಾ ರಾಣಿಯ ಹಿರಿಯ ಮಗ, ವೇಲ್ಸಿನ ಯುವರಾಜ, 1875-76ರ ಚಳಿಗಾಲದಲ್ಲಿ ಹಿಂದುಸ್ತಾನಕ್ಕೆ ಬಂದಿದ್ದ. ಜಗದಾನಂದ ಮುಖರ್ಜಿ ಎಂಬ ವಕೀಲರು ಅವನನ್ನು ತಮ್ಮ ಮನೆಗೆ ಕರೆದು, ಅಂತಃಪುರದ ಹೆಂಗಸರಿಂದಲೇ ಸ್ವಾಗತ ಮಾಡಿಸಿದರು. ಊರೆಲ್ಲ ಗುಲ್ಲೆದ್ದಿತು. ಗ್ರೇಟ್ ನ್ಯಾಷನಲ್ ಥಿಯೇಟರಿನವರು ಕೂಡಲೆ ‘ಗಜದಾನಂದ ಮತ್ತು ಯುವರಾಜ’ ಎಂಬ ನಗೆನಾಟಕ ಹೂಡಿದರು. ಪೋಲೀಸರು ನಿಲ್ಲಿಸಿದರು. ನಾಟಕದವರು ಅದನ್ನೇ ‘ಹನುಮಾನ ಚರಿತ್ರ’ವೆಂದು ಹೆಸರು ತಿದ್ದಿ ಆಡಿದರು, ರಾಮಭಕ್ತನ ಕಥೆಗೆ ಯಾರು ಅಡ್ಡಿ ಮಾಡಿಯಾರು? ಅದನ್ನೂ ನಿಲ್ಲಿಸಿದರು. ಆಗ ಪೋಲೀಸ್ ಕಮಿಶನರರ ಹೆಸರು ಹಾಗ್, ಸುಪರಿಂಟೆಂಡೆಂಟರ ಹೆಸರು ಲ್ಯಾಂಬ್. ಇಂಗ್ಲಿಷು ಬಲ್ಲವರಿಗೆ ಒಂದು ಹಂದಿಯ ನೆನಪು ತರುವ ಹೆಸರು, ಇನ್ನೊಂದು ಕುರಿಮರಿಯದು. ನಾಟಕದವರು ‘ಹಂದಿ-ಕುರಿಗಳ ಪೋಲೀಸು’ ಎಂಬ ಹೊಸ ಪ್ರಹಸನವನ್ನೇ ರಂಗಕ್ಕೆ ತಂದುಬಿಟ್ಟರು!

ಸರಕಾರಕ್ಕೆ ನಗು ಬರಲಿಲ್ಲ. 1876ರ ಫೆಬ್ರುವರಿ 29ರಂದು ವೈಸರಾಯ್ ನಾರ್ಥ್‌ಬ್ರೂಕರ ಸುಗ್ರೀವಾಜ್ಞೆ ಹೊರಟಿತು. ಬೇರೊಂದು ನಾಟಕ ಅಶ್ಲೀಲವೆಂಬ ನೆಪದಲ್ಲಿ ಉಪೇಂದ್ರನಾಥ ದಾಸ, ಅಮೃತಲಾಲ ಬಸು ಇವರಿಗೆ ಒಂದು ತಿಂಗಳ ಸಜೆಯಾಯಿತು. ಹೈಕೋರ್ಟು ಅವರನ್ನು ಬಿಡಿಸಿತು. ಕೋರ್ಟಿನಲ್ಲಿ ಸೋತ ಸರಕಾರ ಅದೇ ವರ್ಷದ ಡಿಸೆಂಬರದಲ್ಲಿ ನಾಟಕ ಪ್ರಯೋಗಗಳ ಕಾಯಿದೆಯನ್ನೇ ಮಾಡಿತು. ಯಾವ ನಾಟಕ ಮಾನಹಾನಿಯದು, ಯಾವುದು ರಾಜದ್ರೋಹದ್ದು, ಯಾವುದು ನೋಡುವವರ ನಡತೆ ಕೆಡಿಸುವಂಥದು ಎಂದು ನಿರ್ಣಯಿಸಿ ನಿಲ್ಲಿಸುವ ಅಧಿಕಾರ ಅಧಿಕಾರಿಗಳ ಪಾಲಿಗೆ ಬಂತು. ಮುಂಬಯಿ ಸರಕಾರ 1910ರಲ್ಲಿ ಖಾಡಿಲ್ಕರರ ‘ಕೀಚಕವಧ’ವನ್ನು ನಿಷೇಧಿಸಿದಾಗ, ಕೀಚಕನಲ್ಲಿ ಕರ್ಝನ್ ಸಾಹೇಬರನ್ನು ಕಂಡು ಚಪ್ಪಾಳೆ ಹೊಡೆದಿದ್ದ ನಮ್ಮ ಕಡೆಯ ರಸಿಕರೂ ಆ ಸುಖಕ್ಕೆ ಎರವಾದರು. ಸ್ವಾತಂತ್ರ್ಯ ಬಂದ ಮೇಲೂ ಈ ಕಾಯಿದೆ ಪುಸ್ತಕದಲ್ಲಿ ಬೆಚ್ಚಗೆ ಮಲಗಿಯೇ ಇತ್ತು. ಅದನ್ನು ಕಿತ್ತು ಹಾಕಿದ್ದು 2018ರ ಜನವರಿಯಲ್ಲಿ.

ಸ್ವತಂತ್ರ ಭಾರತದ ಅಧಿಕಾರಸ್ಥರಿಗಾದರೂ ನಗೆ ರುಚಿಸಿತೇ? ಮಾಸ್ಟರ್ ಹಿರಣ್ಣಯ್ಯನವರನ್ನು ಕೇಳಬೇಕಿತ್ತು. ಅವರ ‘ಲಂಚಾವತಾರ’ ಸಾವಿರಾರು ಪ್ರಯೋಗ ಕಂಡಿತು. ಬೆಳಗಿನ ಪತ್ರಿಕೆಯ ಸುದ್ದಿ ರಾತ್ರಿಯ ಸಂಭಾಷಣೆಯೊಳಗೆ ಇಳಿಯುತ್ತಿದ್ದುದರಿಂದ ಒಂದು ರಾತ್ರಿ ಕಂಡದ್ದು ಇನ್ನೊಂದು ರಾತ್ರಿ ಇರುತ್ತಿರಲಿಲ್ಲ. ಮಂತ್ರಿಮಹೋದಯರ ಕಣ್ಣು ಕೆಂಪಾಯಿತು. ನ್ಯಾಯಾಲಯದ ಕಟ್ಟೆಯನ್ನೂ ಅವರು ಹತ್ತಬೇಕಾಯಿತು. 2019ರಲ್ಲಿ ತೀರಿಕೊಳ್ಳುವವರೆಗೂ ಅವರು ಮಾತು ಕಡಿಮೆ ಮಾಡಿದವರಲ್ಲ. ಅವರ ಬೆನ್ನಿಗಿದ್ದದ್ದು ತಿಕೀಟು ಕೊಂಡು ಬಂದು ಕುಳಿತ ಜನ.

ಇನ್ನು ತಿಕೀಟಿಲ್ಲದ ರಂಗಭೂಮಿಯ ಮಾತು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ನಿಲಯ ಆರಂಭವಾಯಿತು. ಆ ಕಾಲದಲ್ಲಿ ದಿಲ್ಲಿಯಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆ ನೋಡಿಕೊಂಡವರು ಧಾರವಾಡದ ಮದಿಹಾಳದಲ್ಲೇ ಹುಟ್ಟಿದ ರಂಗನಾಥ ದಿವಾಕರರು. ಬೇಂದ್ರೆಯವರು 1956ರಿಂದ ಈ ನಿಲಯದ ಸಲಹೆಗಾರರಾದರು. ಬೇಂದ್ರೆಯವರೆಂದರೆ ಕವಿತೆಯಷ್ಟೇ ನೆನಪಾಗುವ ನಮಗೆ, ಅವರು ‘ಹುಚ್ಚಾಟಗಳು’ ಎಂಬ ಹೆಸರಿನಲ್ಲಿ ನಾಟಕಗಳನ್ನು ಬರೆದರೆಂಬುದು ಮರೆತೇ ಹೋಗಿದೆ. ಎನ್ಕೆ ಎಂದು ಮನೆಮಾತಾದ ಎನ್. ಕೆ. ಕುಲಕರ್ಣಿಯವರೂ ಈ ನಿಲಯದವರೇ. ಧಾರವಾಡದ ಮನೆಯ ಪಡಸಾಲೆಯ ಮಾತು ಅದರ ಏರಿಳಿವಿನೊಡನೆ ಗಾಳಿಯಲ್ಲಿ ಕೇಳಿಬಂದಾಗ ಜನಕ್ಕಾದ ಹಿಗ್ಗು ಸಣ್ಣದಲ್ಲ. ಆದರೆ ಒಂದು ಮಾರ್ಪಾಡಾಗಿತ್ತು. ನಗುವವನು ಇಲ್ಲಿ ಮನೆಯಲ್ಲಿ ನಕ್ಕರೆ ಅಲ್ಲಿ ಮೈಕಿನ ಮುಂದಿದ್ದವನಿಗೆ ಕೇಳಿಸುವಂತಿರಲಿಲ್ಲ. ‘ವನ್ಸ್ ಮೋರ್’ ಎಂಬುದು ಅಂಚೆ ಕಾರ್ಡಾಯಿತು.

ಅಂಚೆ ಕಾರ್ಡಿಗೆ ಬಲವಿತ್ತೆ? 1952ರಲ್ಲಿ ಅದರ ಪರೀಕ್ಷೆಯಾಯಿತು. ದಿವಾಕರರ ತರುವಾಯ ಖಾತೆಗೆ ಬಂದ ಬಿ. ವಿ. ಕೇಸಕರರು ಶಾಸ್ತ್ರೀಯ ಸಂಗೀತದ ಪಕ್ಷಪಾತಿಗಳು. ಸಿನೆಮಾ ಹಾಡುಗಳು ಜನರ ಕಿವಿ ಕೆಡಿಸುತ್ತಿವೆಯೆಂಬುದು ಅವರ ದೃಢ ನಂಬಿಕೆ. ಆಕಾಶವಾಣಿಯಲ್ಲಿ ಆ ಹಾಡುಗಳು ಕ್ಷೀಣಿಸಿ ಹೆಚ್ಚುಕಡಿಮೆ ನಿಂತೇಹೋದವು. ಶಾಸ್ತ್ರೀಯ ಸಂಗೀತವನ್ನು ಉಸಿರಾಡುವ ಧಾರವಾಡದಲ್ಲಿ ಇದಕ್ಕೆ ತಲೆದೂಗಿದವರೂ ಇದ್ದಿರಬೇಕು. (ಅದೇ ಆಕಾಶವಾಣಿ 1940ರಿಂದಲೂ ಹಾರ್ಮೋನಿಯಂ ಪೆಟ್ಟಿಗೆಯನ್ನು ಬಾಗಿಲ ಹೊರಗೇ ಕೂಡ್ರಿಸಿತ್ತೆಂದು ನೆನೆದಾಗ ತಲೆದೂಗುವವರಿಗೂ ಮುಜುಗರವೇ.) ಜನ ಏನು ಮಾಡಿದರು? ಮೆರವಣಿಗೆ ತೆಗೆಯಲಿಲ್ಲ, ಮುಳ್ಳು ತಿರುಗಿಸಿದರು. ರೇಡಿಯೋ ಸಿಲೋನಿನಲ್ಲಿ ಆ ವರ್ಷದ ಡಿಸೆಂಬರದಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ಮೊದಲ ಕಾರ್ಯಕ್ರಮಕ್ಕೇ ಒಂಬತ್ತು ಸಾವಿರ ಪತ್ರ ಬಂದುವೆಂದೂ, ಮುಂದೆ ವಾರಕ್ಕೆ ಅರವತ್ತೈದು ಸಾವಿರಕ್ಕೆ ಏರಿತೆಂದೂ ಸಯಾನಿಯವರೇ ಹೇಳಿಕೊಂಡಿದ್ದಾರೆ. ಐದು ವರ್ಷ ತಾಳಿದ ಸರಕಾರ 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ಯನ್ನು ತೆರೆದು, ಹೊರಹಾಕಿದ ಹಾಡುಗಳನ್ನು ಗೌರವದಿಂದ ಒಳಗೆ ಕರೆದುಕೊಂಡಿತು. ಕೇಳುಗನು ಬೇರೆ ಕಡೆಗೆ ಎದ್ದುಹೋಗಲು ದಾರಿಯಿತ್ತು, ಆದುದರಿಂದ ಗೆದ್ದನು.

ದೂರದರ್ಶನ ಬಂದಾಗ ಆ ದಾರಿಯೂ ಇರಲಿಲ್ಲ. ಇದ್ದದ್ದು ಒಂದೇ ವಾಹಿನಿ, ಒಂದೇ ದಿಲ್ಲಿ. 1982ರ ಆಗಸ್ಟ್ 15ರಿಂದ ರಾಷ್ಟ್ರೀಯ ಕಾರ್ಯಕ್ರಮ. 1984ರ ಸುಮಾರಿಗೆ ಊರೂರಿಗೆ ಸಣ್ಣ ಪ್ರಸಾರ ಕೇಂದ್ರಗಳು. ಮನೆಮನೆಯ ಮಾಳಿಗೆಯ ಮೇಲೆ ಅಲ್ಯುಮಿನಿಯಂ ಕೊಂಬೆಗಳು. ಆ ವರ್ಷವೇ ಬಂದ ‘ಯೇ ಜೋ ಹೈ ಜಿಂದಗಿ’ ನಮ್ಮವರು ಕಂಡ ಹೊಸ ಬಗೆಯ ನಗೆ. ಗಂಡ, ಹೆಂಡತಿ, ಕೆಲಸವಿಲ್ಲದ ಭಾವಮೈದುನ. ಪ್ರತಿ ಕಂತಿಗೆ ಬೇರೆ ಬೇರೆ ವೇಷದಲ್ಲಿ ಬಾಗಿಲು ಬಡಿಯುವ ಸತೀಶ ಶಹಾ. ಬರೆದವರು ಶರದ ಜೋಶಿ. ಹಿಂದಿ ಅರ್ಧ ತಿಳಿಯುತ್ತಿದ್ದ ಅಜ್ಜಿಯಂದಿರೂ ಶುಕ್ರವಾರ ರಾತ್ರಿ ಬೇಗ ಊಟ ಮುಗಿಸುತ್ತಿದ್ದ ಕಾಲವದು.

ಆ ಕಾಲದ ಧಾರಾವಾಹಿಗಳಿಗೆ ಹದಿಮೂರು ವಾರದ ಆಯುಷ್ಯ. ವರ್ಷದ ಐವತ್ತೆರಡು ವಾರಗಳನ್ನು ನಾಲ್ಕು ಭಾಗ ಮಾಡಿ, ಒಂದು ಭಾಗಕ್ಕೆ ಮಂಜೂರಿ. ಅದು ಮುಗಿದ ಮೇಲೆ ಮುಂದಿನದಕ್ಕೆ ಮತ್ತೆ ಅರ್ಜಿ. ಅಧಿಕಾರಿಯ ಮೇಜಿನ ಮೇಲೆ ಪ್ರೇಕ್ಷಕನ ಪರವಾಗಿ ಮಾತನಾಡಬಲ್ಲದ್ದು ಪತ್ರಗಳ ಕಟ್ಟು, ಜಾಹೀರಾತುದಾರನ ಉತ್ಸಾಹ, ಇವೆರಡೇ. ಪತ್ರಗಳೇನೂ ನಿಷ್ಫಲವಾಗಿರಲಿಲ್ಲ. ಅದೇ 1984ರ ‘ಹಮ್ ಲೋಗ್’ ಮೊದಲ ಹದಿಮೂರು ಕಂತುಗಳಲ್ಲಿ ಕುಟುಂಬ ಯೋಜನೆಯ ಉಪನ್ಯಾಸವನ್ನೇ ಮಾಡುತ್ತಿತ್ತು. ನೋಡುಗರು ಬೇಸರವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದ ಮೇಲೆ ಉಪನ್ಯಾಸ ತಗ್ಗಿ ಕಥೆ ಮೇಲೆದ್ದಿತು. ಆ ಧಾರಾವಾಹಿಗೆ ಒಟ್ಟು ನಾಲ್ಕು ಲಕ್ಷ ಪತ್ರಗಳು ಬಂದುವೆಂದು ಅದನ್ನು ಅಭ್ಯಸಿಸಿದವರು ಬರೆದಿದ್ದಾರೆ. ಪುಟ್ಟ ಆಯುಷ್ಯದಲ್ಲೇ ಹೆಸರು ಮಾಡಿದ್ದೂ ಉಂಟು: 1989ರ ಜಸಪಾಲ ಭಟ್ಟಿಯವರ ‘ಫ್ಲಾಪ್ ಶೋ’ ಹತ್ತೇ ಕಂತಿನದು. ಗುತ್ತಿಗೆದಾರ, ವೈದ್ಯ, ಪ್ರಾಧ್ಯಾಪಕ ಯಾರನ್ನೂ ಬಿಡದ ಅದನ್ನು ಜನ ಇಂದಿಗೂ ಎತ್ತಿ ಆಡುತ್ತಾರೆ.

ನಮ್ಮ ಪಾಲಿನ ವಿಪರ್ಯಾಸವನ್ನು ಇಲ್ಲಿ ಹೇಳದಿರಲಾರೆ. 1986-87ರಲ್ಲಿ ಶಂಕರನಾಗ್ ನಿರ್ದೇಶಿಸಿ, ಆಗುಂಬೆಯಲ್ಲಿ ಚಿತ್ರಿಸಿ, ಅನಂತನಾಗ್ ಮತ್ತು ಧಾರವಾಡದವರೇ ಎನ್ನಬಹುದಾದ ಗಿರೀಶ ಕಾರ್ನಾಡರಂಥವರು ಅಭಿನಯಿಸಿದ ‘ಮಾಲ್ಗುಡಿ ಡೇಸ್’ ಬಂದಾಗ, ಕನ್ನಡಿಗರು ಕನ್ನಡ ನೆಲದಲ್ಲಿ ಆಡಿದ ಆಟವನ್ನು ಧಾರವಾಡದ ಮನೆಗಳು ಹಿಂದಿಯಲ್ಲಿ ನೋಡಿದವು. ಬೆಂಗಳೂರಿನ ಕೇಂದ್ರ 1981ರ ನವೆಂಬರ್ 1ರಂದೇ ಹುಟ್ಟಿದ್ದರೂ, ಉತ್ತರದ ಜಿಲ್ಲೆಗಳವರಿಗೆ ಕನ್ನಡದಲ್ಲಿ ಹೊಟ್ಟೆತುಂಬ ನಗುವ ದಿನ ಬರಲು ಇನ್ನೂ ಕಾಯಬೇಕಿತ್ತು.

ಆ ದಿನ ಬಂತು. ಖಾಸಗಿ ವಾಹಿನಿಗಳು ಬಂದವು. 2000ದ ದಶಕದಲ್ಲಿ ಈಟೀವಿ ಕನ್ನಡದಲ್ಲಿ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’, ಸಮಾಜಸೇವಕಿ ಲಲಿತಾಂಬೆಯ ‘ಸಿಲ್ಲಿ ಲಲ್ಲಿ’ ಬಂದವು. ಮಾತು ಬೆಂಗಳೂರಿನದು; ನಗು ಮಾತ್ರ ನಮ್ಮದೂ ಆಯಿತು. ಹೆಂಡತಿಗೆ ಹೆದರುವ ಪಾಂಡುವನ್ನು ಹುಬ್ಬಳ್ಳಿಯ ಗಂಡಸರು ಪರಕೀಯನೆಂದು ಬಗೆಯಲಿಲ್ಲವೆಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನೂರು ವಾಹಿನಿಗಳಾದ ಮೇಲೆ ಹಗ್ಗ ಮತ್ತೆ ನಮ್ಮ ಕೈಗೆ ಬಂದಿರಬೇಕೆಂದು ತೋರುವುದು ಸಹಜ. ಬಂದದ್ದು ಒಂದು ಮೀಟರಿನ ಕೈಗೆ. ಆರಿಸಿದ ಕೆಲವು ಮನೆಗಳಲ್ಲಿ ಒಂದು ಯಂತ್ರವಿಟ್ಟು, ಅವರು ಯಾವ ನಿಮಿಷಕ್ಕೆ ಏನು ನೋಡಿದರೆಂದು ಲೆಕ್ಕ ಹಾಕಿ, ಅದರಿಂದ ನಾಡಿನ ರುಚಿಯನ್ನು ಅಳೆಯುತ್ತಾರೆ. ಇಡೀ ಭಾರತಕ್ಕೆ ಅಂಥ ಮನೆಗಳು 2022ರ ಸುಮಾರಿಗೆ 55,000ದ ಆಸುಪಾಸು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕೆಂಬುದು ನಿಜ; ಆದರೆ ಅಗುಳಾಗದವನ ಗತಿಯೇನು? ವಾರಕ್ಕೊಮ್ಮೆ ಜೀವ ಬಿಟ್ಟು ನೋಡುವವನದೂ, ಹಾಕಿಟ್ಟು ಅಡಿಗೆಮನೆಗೆ ಹೋದವನದೂ ಮೀಟರಿಗೆ ಒಂದೇ. ತಗಡಿನ ಥಿಯೇಟರಿನಲ್ಲಿ ಒಬ್ಬನ ಗಂಟಲಿಗೂ ಬೆಲೆಯಿತ್ತು. ಇಲ್ಲಿ ಮನೆಯಲ್ಲಿ ಯಂತ್ರವಿಲ್ಲದವನು ಎಷ್ಟು ನಕ್ಕರೂ ನಕ್ಕಂತೆ ಆಗಲಿಲ್ಲ.

ಹೀಗಾಗಿ ಮೀಟರಿಲ್ಲದವರು ಮತ್ತೆ ಪತ್ರಕ್ಕೆ ಬಂದರು. ಈ ಪತ್ರಕ್ಕೆ ಅಂಚೆ ಚೀಟಿ ಬೇಡ. ಅಮೇರಿಕೆಯಲ್ಲಿ ‘ಬ್ರೂಕ್ಲಿನ್ ನೈನ್-ನೈನ್’ ಎಂಬ ಪೋಲೀಸು ಠಾಣೆಯ ನಗೆಧಾರಾವಾಹಿಯನ್ನು ಫಾಕ್ಸ್ ವಾಹಿನಿ 2018ರ ಮೇ 10ರಂದು ಕೈಬಿಟ್ಟಾಗ, ಅಭಿಮಾನಿಗಳ ಗದ್ದಲ ಎಷ್ಟಾಯಿತೆಂದರೆ ಮರುದಿನವೇ ಎನ್‌ಬಿಸಿ ವಾಹಿನಿ ಅದನ್ನು ಎತ್ತಿಕೊಂಡಿತು. ಅದು 2021ರವರೆಗೆ ನಡೆಯಿತು. ಅದೇ 2018ರಲ್ಲಿ ನಮ್ಮಲ್ಲಿ ‘ಪಾಪ ಪಾಂಡು’ ಕಲರ್ಸ್ ಸೂಪರ್ ವಾಹಿನಿಗೆ ಮರಳಿತು. ಅದರ ಹಿ೦ದೆ ‘ಸಿಲ್ಲಿ ಲಲ್ಲಿ’ಯೂ. ಅತ್ಯಾಗ್ರಹದ ಮೇರೆಗೆ ಎಂಬ ಹಳೆಯ ಹಾಳೆ ಮತ್ತೆ ಗೋಡೆಗೆ ಬಂದಂತಾಯಿತು. ಆದರೆ ಅದೇ ವಾಹಿನಿಯಲ್ಲಿ ಟಿ. ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ 2020ರ ಕೊರೋನಾ ದಿನಗಳಲ್ಲಿ ಕಥೆಯ ನಡುವೆಯೇ ನಿಂತಿತು. ಅದು ನಗೆಯ ಧಾರಾವಾಹಿಯಲ್ಲ. ಆದರೂ ನೆನೆಯುವುದೇಕೆಂದರೆ, ಕನ್ನಡದ ನೋಡುಗರು ಒಂದು ಧಾರಾವಾಹಿಗಾಗಿ ಅಷ್ಟು ಬಹಿರಂಗವಾಗಿ ಮಿಡುಕಿದ್ದು ವಿರಳ. ನಿಲ್ಲಿಸಬೇಡಿರೆಂದು ಬರೆದರು, ಬೇಡಿಕೊಂಡರು, ಸಿಟ್ಟು ಮಾಡಿದರು. ವಾಹಿನಿ ಮರಳಿ ಆರಂಭಿಸಲಿಲ್ಲ.

ಪಾಂಡುವಿನ ಹಳೆಯ ಕಂತುಗಳು ಈಗ ಮೊಬೈಲಿನಲ್ಲಿ ಸಿಗುತ್ತವೆ. ಊಟದ ತಟ್ಟೆಯ ಪಕ್ಕಕ್ಕೆ ಅದನ್ನು ನಿಲ್ಲಿಸಿಕೊಂಡು, ಮುಂದಿನ ಮಾತು ಏನೆಂದು ಗೊತ್ತಿದ್ದೂ ಅದಕ್ಕಾಗಿ ಕಾದು ನಗುವವರನ್ನು ಧಾರವಾಡದ ಮನೆಗಳಲ್ಲಿ ಕಂಡಿದ್ದೇನೆ. ಅವರಲ್ಲೊಬ್ಬರು, ವಯಸ್ಸಾದವರು, ಕಂತು ಮುಗಿದೊಡನೆ ಮೊಮ್ಮಗನಿಗೆ ಹೇಳುವ ಮಾತು ಇಷ್ಟೆ: “ವನ್ಸ್ ಮೋರ್ ಹಚ್ಚೋ ತಮ್ಮಾ.”